ಲಿಫ್ಟ್ ಕಿಟ್, ದೊಡ್ಡ ಟೈರ್: ಗಾಡಿ ಎತ್ತರಿಸುವ ಮುನ್ನ ಹದಿನಾಲ್ಕು ಸೂತ್ರಗಳು

ಮುಂಗಾರು ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ರಸ್ತೆಗಳು ಗಾಡಿಯ ತಾಕತ್ತನ್ನೂ ಓಡಿಸುವವರ ವಿವೇಕವನ್ನೂ ಒಟ್ಟಿಗೇ ಪರೀಕ್ಷಿಸುತ್ತವೆ. ಥಾರ್, ಜಿಮ್ನಿ, ಹೈಲಕ್ಸ್, ವಿ-ಕ್ರಾಸ್ ಯಾವುದನ್ನೇ ಕೊಂಡಿರಲಿ, ಕೆಲವೇ ತಿಂಗಳಲ್ಲಿ ಮನಸ್ಸು ಹೇಳತೊಡಗುತ್ತದೆ: ಇನ್ನೊಂದಿಷ್ಟು ಎತ್ತರ ಬೇಕು, ಟೈರ್ ಇನ್ನೊಂದಿಷ್ಟು ದೊಡ್ಡದಿರಬೇಕು. ಈ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಫೋಟೊ ನೋಡಿ ಕಿಟ್ ತರಿಸಿಕೊಂಡರೆ ದುಡ್ಡೂ ಹೋಗುತ್ತದೆ, ಗಾಡಿಯ ಹದವೂ ಕೆಡುತ್ತದೆ. ನಿಮ್ಮ ದಾರಿಗೆ ಬೇಕಾದ ಟೈರನ್ನು ಮೊದಲು ಗೊತ್ತುಮಾಡಿ, ಅದು ಕೂರಲು ಎಷ್ಟು ಜಾಗ ಬೇಕೋ ಅಷ್ಟು ಮಾತ್ರ ಗಾಡಿ ಎತ್ತರಿಸಿ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತಿನ ವಿಸ್ತಾರ.

1. ಗಾಡಿಗಿಂತ ಮೊದಲು ದಾರಿ ನೋಡಿ

ವರ್ಷವಿಡೀ ನಿಮ್ಮ ಗಾಡಿ ಓಡುವುದು ಎಲ್ಲಿ? ಹಾಳೆಯೊಂದರ ಮೇಲೆ ಉಳಿದದ್ದು ಬಳಿದದ್ದು ಎನ್ನದೆ ಎಲ್ಲವನ್ನೂ ಬರೆಯಿರಿ. ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಊರು ಎನ್ನುವವರ ಓಡಾಟದಲ್ಲಿ ಬಹುಪಾಲು ಡಾಂಬರು ರಸ್ತೆಯೇ. ತೋಟದೊಳಗೇ ಮನೆ, ದಿನವೂ ಗೊಬ್ಬರ, ಕಾಫಿ ಮೂಟೆ ಸಾಗಿಸಬೇಕು ಎನ್ನುವವರ ಲೆಕ್ಕ ಬೇರೆ. ನೆಲವೂ ಒಂದೇ ಥರ ಇರುವುದಿಲ್ಲ. ಕೆಸರು ಕೇಳುವುದು ಟೈರಿನ ಹಲ್ಲನ್ನು. ಬಂಡೆ ಕೇಳುವುದು ಅಡಿಯ ಎತ್ತರವನ್ನು ಮತ್ತು ಗಟ್ಟಿ ಬದಿಗೋಡೆಯನ್ನು. ಮರಳಿಗೆ ಬೇಕಾದದ್ದು ನೆಲಕ್ಕೆ ಹರಡಿಕೊಳ್ಳುವ ಟೈರು, ಕಡಿಮೆ ಗಾಳಿ. ನಿಮ್ಮ ಪಟ್ಟಿಯಲ್ಲಿ ಯಾವುದು ಹೆಚ್ಚು ಎಂದು ಗೊತ್ತಾದ ಮೇಲೆಯೇ ಅಂಗಡಿಗೆ ಹೋಗಿ.

2. ಟೈರ್ ಮೊದಲು, ಲಿಫ್ಟ್ ಆಮೇಲೆ

ಬಹಳ ಮಂದಿ ಎಡವುವುದು ಇಲ್ಲೇ. ಸಸ್ಪೆನ್ಷನ್ ಲಿಫ್ಟ್ ಹಾಕಿದರೆ ಮೇಲೇರುವುದು ಚಾಸಿ ಮತ್ತು ಬಾಡಿ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಉಂಡೆ, ಜಾಡಿನ ನಡುದಿಣ್ಣೆಗೆ ಮೊದಲು ತಗಲುವ ಭಾಗ, ಲಿಫ್ಟ್‌ನಿಂದ ಒಂದು ಮಿಲಿಮೀಟರ್ ಕೂಡ ಏಳುವುದಿಲ್ಲ. ಅದನ್ನು ಎತ್ತುವುದು ಟೈರಿನ ವ್ಯಾಸ ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. ವ್ಯಾಸ 30 ಮಿ.ಮೀ ಹೆಚ್ಚಿದರೆ ಆಕ್ಸಲ್ ಏಳುವುದು 15 ಮಿ.ಮೀ. ಲಿಫ್ಟ್ ಬೇಕಾಗುವುದು ಎರಡು ಕಾರಣಕ್ಕೆ: ದೊಡ್ಡ ಟೈರು ಮಡ್‌ಗಾರ್ಡಿಗೆ ತಗಲದಿರಲು, ಮತ್ತು ದಿಣ್ಣೆ ಹತ್ತಿಳಿಯುವಾಗ ಮೂತಿ, ಹೊಟ್ಟೆ, ಬಾಲ ನೆಲಕ್ಕೆ ಉಜ್ಜದಿರಲು. ಈ ಎರಡೂ ನಿಮ್ಮ ದಾರಿಯಲ್ಲಿ ಸಮಸ್ಯೆಯಾಗದಿದ್ದರೆ ಒಳ್ಳೆಯ ಟೈರ್ ಹಾಕಿಸಿಕೊಂಡು ಅಲ್ಲಿಗೇ ನಿಲ್ಲಿಸಿ.

3. ಟೈರಿನ ಅಂಕಿಯಿಂದ ವ್ಯಾಸ ತೆಗೆಯಲು ಕಲಿಯಿರಿ

ಅಂಗಡಿಯವರು ‘ಒಂದು ಸೈಜ್ ದೊಡ್ಡದು’ ಎಂದರೆ ಒಪ್ಪಿಕೊಂಡು ಬರಬೇಡಿ. ಲೆಕ್ಕ ಸುಲಭ. 245/75 ಆರ್16 ಎಂದಿದ್ದರೆ ಅಗಲ 245 ಮಿ.ಮೀ, ಬದಿಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ 16 ಇಂಚು. 245ರ ಶೇ. 75 ಎಂದರೆ ಸುಮಾರು 184 ಮಿ.ಮೀ, ಮೇಲೊಂದು, ಕೆಳಗೊಂದು ಸೇರಿ 368. ರಿಮ್‌ನ 16 ಇಂಚು ಎಂದರೆ 406 ಮಿ.ಮೀ. ಒಟ್ಟು ವ್ಯಾಸ 774 ಮಿ.ಮೀ. 2020ರಲ್ಲಿ ಬಂದ ಹೊಸ ಥಾರ್‌ನ 16 ಇಂಚಿನ ಚಕ್ರಕ್ಕೆ ಕಂಪನಿ ಕೊಟ್ಟದ್ದು ಇದೇ ಅಳತೆ. ಅದನ್ನು 265/75 ಆರ್16 ಮಾಡಿದರೆ ವ್ಯಾಸ 804: ಸರಿಯಾಗಿ 30 ಮಿ.ಮೀ ಹೆಚ್ಚಳ. 285/70 ಆರ್17 ಹಾಕಿದರೆ 831, ಅಂದರೆ 57 ಮಿ.ಮೀ ಹೆಚ್ಚಳ. ಜಿಮ್ನಿಯ 195/80 ಆರ್15 ಇರುವುದು 693. ಅದಕ್ಕೆ 235/75 ಆರ್15 ಹಾಕಿದರೆ 733 ದಾಟುತ್ತದೆ. ಮುಂದಿನ ಎಲ್ಲ ತೀರ್ಮಾನಗಳೂ ಈ ಅಂಕಿಯ ಮೇಲೆ ನಿಲ್ಲುತ್ತವೆ. ಒಂದೇ ಅಳತೆ ಬರೆದಿದ್ದರೂ ಕಂಪನಿಯಿಂದ ಕಂಪನಿಗೆ ನಿಜವಾದ ವ್ಯಾಸ ಕೆಲವು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ ಎಂಬುದೂ ನೆನಪಿರಲಿ.

4. ಹಲ್ಲಿನ ನಮೂನೆಯನ್ನು ನೆಲ ನಿರ್ಧರಿಸಲಿ

ಎಚ್‌ಟಿ ಟೈರ್ ಹೈವೇಗೆ, ಎಟಿ ಎರಡಕ್ಕೂ, ಎಂಟಿ ಕೆಸರಿಗೆ. ಮಲೆನಾಡಿನ ಕೆಮ್ಮಣ್ಣು ಮಳೆಗೆ ಅಂಟಾಗುತ್ತದೆ. ಹಲ್ಲುಗಳ ನಡುವಿನ ಸಂದಿಯಲ್ಲಿ ತುಂಬಿಕೊಂಡು ನಿಮಿಷದೊಳಗೆ ಟೈರನ್ನು ನುಣುಪು ಮಾಡಿಬಿಡುತ್ತದೆ. ಎಂಟಿ ಟೈರಿನ ಅಗಲ ಸಂದಿಗಳು ಚಕ್ರ ತಿರುಗಿದಂತೆ ಆ ಮಣ್ಣನ್ನು ಹೊರಗೆಸೆಯುತ್ತವೆ. ಅದೇ ಅವುಗಳ ಹೆಚ್ಚುಗಾರಿಕೆ. ಆದರೆ ಒದ್ದೆ ಡಾಂಬರಿನ ಮೇಲೆ ಅವುಗಳ ಹಿಡಿತ ಕಡಿಮೆ, ಬ್ರೇಕ್ ಹಿಡಿದಾಗ ನಿಲ್ಲುವ ದೂರ ಹೆಚ್ಚು, ಸದ್ದು ಜಾಸ್ತಿ, ಬೇಗ ಸವೆಯುತ್ತವೆ. ಜಡಿಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ದಿನವೂ ಕೆಸರಿನಲ್ಲೇ ಬದುಕುವವರನ್ನು ಬಿಟ್ಟರೆ ಉಳಿದವರಿಗೆ ಒಳ್ಳೆಯ ಎಟಿ ಸಾಕು.

5. ಬದಿಗೋಡೆಯ ಸಣ್ಣಕ್ಷರ ಓದಿ

ಅಳತೆಯ ಪಕ್ಕದಲ್ಲೇ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ಅಂಕಿ ಭಾರ ಸೂಚ್ಯಂಕ: 100 ಎಂದರೆ ಒಂದು ಟೈರು 800 ಕಿಲೊ ಹೊರುತ್ತದೆ, 112 ಎಂದರೆ 1120 ಕಿಲೊ. ಅಕ್ಷರ ವೇಗದ ಮಿತಿ: ಕ್ಯೂ ಎಂದರೆ ಗಂಟೆಗೆ 160 ಕಿ.ಮೀ. ಕಂಪನಿಯ ಟೈರಿನ ಭಾರ ಸೂಚ್ಯಂಕಕ್ಕಿಂತ ಕೆಳಗಿಳಿಯಬೇಡಿ. ಹೊರೆ ಹೊರುವ ಪಿಕಪ್‌ನಲ್ಲಂತೂ ಖಂಡಿತ ಬೇಡ. ಅಳತೆಯ ಮುಂದೆ ಎಲ್‌ಟಿ ಎಂದಿದ್ದರೆ ಅದು ಲಘು ಟ್ರಕ್ಕಿನ ಟೈರು. ಬದಿಗೋಡೆ ಗಟ್ಟಿ, ಕಲ್ಲಿನ ಅಂಚಿಗೆ ಸುಲಭಕ್ಕೆ ಸೀಳುವುದಿಲ್ಲ, ಆದರೆ ಭಾರ ಹೆಚ್ಚು, ಸವಾರಿ ಒರಟು. ಕೊನೆಗೆ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ಹುಡುಕಿ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ ತಯಾರಾದದ್ದು. ರಿಯಾಯಿತಿ ದರದಲ್ಲಿ ಕೊಡುತ್ತಿರುವ ‘ಹೊಸ’ ಟೈರು ಗೋದಾಮಿನಲ್ಲಿ ಎಷ್ಟು ವರ್ಷ ಕೂತಿತ್ತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಂದಲ್ಲ, ಐದೂ ಟೈರಿನ ಸಂಕೇತ ಓದಿ.

6. ಎಂಜಿನ್ ಎಷ್ಟು ಹೊರಬಲ್ಲದು ಎಂದು ಕೇಳಿ

ಟೈರಿನ ವ್ಯಾಸ ಎಷ್ಟು ಪಾಲು ಹೆಚ್ಚುತ್ತದೋ ಗಾಡಿಯ ಗೇರು ಅಷ್ಟೇ ಪಾಲು ಎತ್ತರವಾಗುತ್ತದೆ, ಎಳೆತ ಅಷ್ಟು ತಗ್ಗುತ್ತದೆ. 774ರಿಂದ 804ಕ್ಕೆ ಹೋದರೆ ಸುಮಾರು ಶೇ. 4. 831ಕ್ಕೆ ಹೋದರೆ ಶೇ. 7ಕ್ಕೂ ಹೆಚ್ಚು. 300 ಎನ್‌ಎಂ ಟಾರ್ಕ್ ಇರುವ ಥಾರ್ ಡೀಸೆಲ್ ಇದನ್ನು ತಡೆದುಕೊಂಡೀತು. 1.5 ಲೀಟರ್ ಪೆಟ್ರೋಲ್ ಎಂಜಿನಿನ, 134 ಎನ್‌ಎಂನ ಜಿಮ್ನಿಗೆ ಶೇ. 6ರ ನಷ್ಟ ಪ್ರತಿ ಏರಿನಲ್ಲೂ ತಿಳಿಯುತ್ತದೆ. ಇಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಭಾರದ ಟೈರನ್ನು ನಿಲ್ಲಿಸಲು ಬ್ರೇಕಿಗೂ ಶ್ರಮ ಹೆಚ್ಚು, ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗೂ ಕಡಿಮೆ. ಸ್ಪೀಡೋಮೀಟರ್ ಕೂಡ ಹಳೆಯ ಟೈರಿನ ಲೆಕ್ಕದಲ್ಲೇ ಓದುತ್ತದೆ. ಅದೇ ಶೇ. 7ರ ಲೆಕ್ಕ ಹಿಡಿದರೆ ಮುಳ್ಳು ಗಂಟೆಗೆ 80 ತೋರಿಸುವಾಗ ಗಾಡಿ ಮೊದಲಿಗಿಂತ ಐದಾರು ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಫೋನಿನ ಜಿಪಿಎಸ್ ಜೊತೆ ಒಮ್ಮೆ ಹೋಲಿಸಿ ನೋಡಿ. ಓಡಿದ ಕಿಲೋಮೀಟರ್ ಕೂಡ ಕಡಿಮೆ ದಾಖಲಾಗುವುದರಿಂದ ಆಯಿಲ್ ಬದಲಿಸುವ ಗಡುವನ್ನು ಸ್ವಲ್ಪ ಹಿಂದಕ್ಕೆ ತನ್ನಿ.

7. ಕಿಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಸಾಮಾನುಗಳಿವೆ

ಬಾಡಿ ಲಿಫ್ಟ್ ಎಂದರೆ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಗುಂಡು ಕೊಟ್ಟು ಬಾಡಿಯನ್ನಷ್ಟೇ ಎತ್ತುವುದು. ಟೈರಿಗೆ ಜಾಗ ಸಿಗುತ್ತದೆ, ಚಾಸಿಯ ಅಡಿ ಎತ್ತರ ಬದಲಾಗುವುದಿಲ್ಲ. ಸ್ಟೀರಿಂಗ್ ಶಾಫ್ಟ್, ಗೇರ್ ಲಿವರ್, ರೇಡಿಯೇಟರ್ ಫ್ಯಾನಿನ ಸುತ್ತಲಿನ ಹೊದಿಕೆ ಎಲ್ಲವನ್ನೂ ಮರುಹೊಂದಿಸಬೇಕು. ಸ್ಪೇಸರ್ ಲಿಫ್ಟ್ ಎಂದರೆ ಹಳೆಯ ಸ್ಪ್ರಿಂಗಿನ ಮೇಲೊಂದು ಗುಂಡು ಇಟ್ಟು ಎತ್ತರಿಸುವುದು. ಅಗ್ಗ, ಅರ್ಧ ದಿನದ ಕೆಲಸ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಹಳೆಯವೇ ಆದ್ದರಿಂದ ಚಕ್ರ ಕೆಳಗಿಳಿಯುವ ಅವಕಾಶ ಕುಗ್ಗುತ್ತದೆ, ಗುಂಡಿಗೆ ಬಿದ್ದಾಗ ‘ಟಣ್’ ಎಂಬ ಸದ್ದು ಕೇಳುತ್ತದೆ. ಮೂರನೆಯದು ಪೂರ್ಣ ಸಸ್ಪೆನ್ಷನ್ ಕಿಟ್: ಹೊಸ ಸ್ಪ್ರಿಂಗ್, ಅದರ ಉದ್ದಕ್ಕೆ ಹೊಂದುವ ಶಾಕ್, ಬಂಪ್ ಸ್ಟಾಪ್, ಬೇಕಾದ ಬ್ರಾಕೆಟ್‌ಗಳು. ಬೆಲೆ ಹೆಚ್ಚು. ಆದರೆ ಇಲ್ಲಿ ಎತ್ತರದ ಜೊತೆಗೆ ಹಿಡಿತವೂ ಸುಧಾರಿಸುತ್ತದೆ. ಕೈಯಲ್ಲಿರುವ ದುಡ್ಡು ಸ್ಪೇಸರಿಗೆ ಮಾತ್ರ ಸಾಕಾದರೆ, ಅದನ್ನು ಟೈರಿಗೆ ಹಾಕಿ. ಕಿಟ್ಟಿಗೆ ಮುಂದಿನ ವರ್ಷ ಕಾಯಿರಿ.

8. ಮುಂದಿನ ಆಕ್ಸಲ್ ಯಾವ ಜಾತಿಯದು ನೋಡಿ

ಥಾರ್, ಹೈಲಕ್ಸ್, ವಿ-ಕ್ರಾಸ್‌ಗಳ ಮುಂದಿನ ಚಕ್ರಗಳು ಒಂದೊಂದೂ ಸ್ವತಂತ್ರ. ಇಲ್ಲಿ ಎತ್ತರ ಹೆಚ್ಚಿದಂತೆ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟಿನ ಕೋನ ಕಡಿದಾಗುತ್ತದೆ, ರಬ್ಬರ್ ಬೂಟ್ ಹರಿಯುತ್ತದೆ, ಮೇಲಿನ ಬಾಲ್ ಜಾಯಿಂಟ್ ತನ್ನ ಮಿತಿಗೆ ಬರುತ್ತದೆ. ಸಾಮಾನ್ಯವಾಗಿ ಎರಡು ಇಂಚಿನ ಆಚೆ ಹೋಗುವುದಾದರೆ ಡಿಫರೆನ್ಷಿಯಲ್ಲನ್ನೇ ಕೆಳಗಿಳಿಸುವ ಬ್ರಾಕೆಟ್, ಬೇರೆ ಮೇಲ್ತೋಳು ಬೇಕಾಗುತ್ತವೆ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಅದನ್ನು ಎತ್ತರಿಸುವುದು ಸುಲಭ, ಆದರೆ ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಅದನ್ನು ಒಂದು ಬದಿಗೆ ಎಳೆಯುತ್ತದೆ, ಚಕ್ರವನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನ ಕುಗ್ಗಿ ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಅದಕ್ಕೆ ಹೊಂದಿಸಬಲ್ಲ ರಾಡ್, ಕ್ಯಾಸ್ಟರ್ ಸರಿಪಡಿಸುವ ಬುಷ್ ಕಿಟ್ಟಿನಲ್ಲೇ ಇವೆಯೇ ಎಂದು ಕೇಳಿ. ಉತ್ತರ ‘ಬೇಕಾದರೆ ಆಮೇಲೆ ಹಾಕಿಸೋಣ’ ಎಂದಾದರೆ ಆ ಅಂಗಡಿಯಿಂದ ಎದ್ದು ಬನ್ನಿ.

9. ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಕೇಳಿ

ಒಂದೇ ಎತ್ತರದ ಕಿಟ್ಟಿನಲ್ಲೂ ಹಗುರ, ಮಧ್ಯಮ, ಭಾರ ಎಂದು ಸ್ಪ್ರಿಂಗಿನ ಬಗೆಗಳಿರುತ್ತವೆ. ಮುಂದೆ ಕಬ್ಬಿಣದ ಬಂಪರ್, ವಿಂಚ್ ಹಾಕಿಸುವವರಿಗೆ ಬೇಕಾದ ಸ್ಪ್ರಿಂಗೇ ಬೇರೆ, ಖಾಲಿ ಓಡಿಸುವವರಿಗೆ ಬೇಕಾದ್ದೇ ಬೇರೆ. ಗಾಡಿಯನ್ನು ನೀವು ದಿನವೂ ಓಡಿಸುವ ಸ್ಥಿತಿಯಲ್ಲೇ ವೇ ಬ್ರಿಡ್ಜ್‌ಗೆ ಒಯ್ಯಿರಿ. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ, ಹಿಂದಿನವನ್ನು ಮಾತ್ರ ನಿಲ್ಲಿಸಿ ಒಮ್ಮೆ ತೂಕ ಬರೆದುಕೊಳ್ಳಿ. ಆ ಎರಡು ಅಂಕಿ ಹಿಡಿದು ಕಿಟ್ ಆರಿಸಿ. ಪಿಕಪ್‌ಗಳ ಹಿಂದೆ ಲೀಫ್ ಸ್ಪ್ರಿಂಗ್ ಇರುತ್ತದೆ. ಭಾರದ ಪ್ಲೇಟು ಸೇರಿಸಿದರೆ ಹೊರೆಯಿದ್ದಾಗ ಚೆಂದ, ಖಾಲಿಯಿದ್ದಾಗ ಬಾಲ ಕುಣಿಯುತ್ತದೆ. ಹಿಂದಿನ ಬ್ರೇಕಿಗೆ ಹೊರೆ ನೋಡಿ ಒತ್ತಡ ಹಂಚುವ ವಾಲ್ವ್ ನಿಮ್ಮ ಗಾಡಿಯಲ್ಲಿದ್ದರೆ ಅದರ ಕಡ್ಡಿಯನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕು. ಇಲ್ಲವಾದರೆ ಗಾಡಿ ಖಾಲಿಯಿದೆ ಎಂದೇ ತಿಳಿದು ಹಿಂದಿನ ಬ್ರೇಕನ್ನು ಅದು ಸಡಿಲ ಬಿಡುತ್ತದೆ.

10. ಪಲ್ಟಿಯ ಲೆಕ್ಕವನ್ನು ಕಣ್ಣೆದುರು ಇಟ್ಟುಕೊಳ್ಳಿ

ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಬರುವ ಅಂಕಿ ಗಾಡಿಯ ಸ್ಥಿರತೆಯ ಅಳತೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಪಲ್ಟಿಯ ಅಪಾಯ ಅಂದಾಜಿಸಲು ಬಳಸುವುದೂ ಇದನ್ನೇ. ಉದಾಹರಣೆಗೆ ಅಗಲ 1500 ಮಿ.ಮೀ, ಗುರುತ್ವ ಕೇಂದ್ರ 700 ಮಿ.ಮೀ ಎತ್ತರದಲ್ಲಿದ್ದರೆ ಅಂಕಿ 1.07. ಅದೇ 750ಕ್ಕೆ ಏರಿದರೆ 1.00. ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಮೇಲೆ ಕ್ಯಾರಿಯರ್, ಅದರ ಮೇಲೆ ಜೆರಿಕ್ಯಾನ್, ಇನ್ನೊಂದು ಟೈರ್ ಇಟ್ಟರೆ ಇನ್ನೂ ಇಳಿಯುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಥಟ್ಟನೆ ಸ್ಟೀರಿಂಗ್ ತಿರುಗಿಸುವವರನ್ನು ಕಾಪಾಡುವುದೂ ಕೆಡವುವುದೂ ಇದೇ ಅಂಕಿ. ಅಂದಕ್ಕಾಗಿ ಒಂದಿಂಚನ್ನೂ ಏರಿಸಬೇಡಿ.

11. ಟೈರನ್ನು ಹೊರಗೆ ತಳ್ಳಬೇಡಿ

ಚಕ್ರ ಹೊರಚಾಚಿದರೆ ಗಾಡಿ ಗತ್ತಾಗಿ ಕಾಣುತ್ತದೆ ಎಂದು ಆಫ್‌ಸೆಟ್ (ರಿಮ್ಮಿನ ನಡುಗೆರೆಗೂ ಹಬ್ಬಿಗೆ ಕೂರುವ ಮೈಗೂ ನಡುವಿನ ದೂರ) ಕಡಿಮೆಯಿರುವ ರಿಮ್ ಹಾಕಿಸುತ್ತಾರೆ, ಇಲ್ಲವೇ ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಕೊಡುತ್ತಾರೆ. ಅಷ್ಟೂ ಹೊರೆ ಬೇರಿಂಗಿನ ಮೇಲೆ ಬೀಳುತ್ತದೆ. ಕಲ್ಲು ತಗುಲಿದಾಗ ಸ್ಟೀರಿಂಗ್ ಕೈಗೆ ಒದೆಯುತ್ತದೆ. ತಿರುಗಿಸಿದಾಗ ಟೈರು ದೊಡ್ಡ ಕಮಾನು ಬರೆಯುವುದರಿಂದ ಬಂಪರಿಗೆ ಉಜ್ಜುತ್ತದೆ, ಅದನ್ನು ತಪ್ಪಿಸಲು ಮತ್ತೆ ಲಿಫ್ಟ್ ಬೇಕೆನಿಸುತ್ತದೆ. ಕೆಸರು ಹಿಂದಿನ ಸವಾರರ ಮುಖಕ್ಕೆ ಸಿಡಿಯುತ್ತದೆ. ಕಂಪನಿಯ ಆಫ್‌ಸೆಟ್ಟಿಗೆ ಆದಷ್ಟು ಹತ್ತಿರವಿರಿ.

12. ಗ್ಯಾರೇಜಿನಿಂದ ಹೊರಡುವ ಮುನ್ನ ಉಜ್ಜುವ ಪರೀಕ್ಷೆ ಮಾಡಿಸಿ

ಸಮತಟ್ಟು ನೆಲದಲ್ಲಿ ನಿಂತ ಗಾಡಿಯ ಟೈರು ಎಲ್ಲಿಯೂ ತಗಲುವುದಿಲ್ಲ. ಒಂದು ಮುಂದಿನ ಚಕ್ರವನ್ನು ದಿಮ್ಮಿಯ ಮೇಲೋ ರ‍್ಯಾಂಪಿನ ಮೇಲೋ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಒತ್ತಿಕೊಳ್ಳಲಿ. ಮಡ್‌ಗಾರ್ಡಿನ ಒಳಮೈಗೆ ಸೀಮೆಸುಣ್ಣದ ಪುಡಿ ಬಳಿದು ಸ್ಟೀರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿ. ಟೈರಿನ ಭುಜದಲ್ಲಿ ಬಿಳಿ ಗೆರೆ ಮೂಡಿದರೆ ಅಲ್ಲಿ ಉಜ್ಜುತ್ತಿದೆ ಎಂದರ್ಥ. ಎದುರು ಬದಿಯ ಚಕ್ರ ಈಗ ಜೋತುಬಿದ್ದಿರುತ್ತದೆ. ಅಲ್ಲಿ ಬಗ್ಗಿ ಬ್ರೇಕ್ ಹೋಸ್ ಬೆರಳಿಂದ ಮುಟ್ಟಿ ನೋಡಿ. ತಂತಿಯಂತೆ ಬಿಗಿದಿದ್ದರೆ ಉದ್ದದ ಹೋಸ್ ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ. ಇನ್ನೂ ಒಂದು ಮಾತು: ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೂರಿ, ಭಾರ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ನಂತರ ಅಲೈನ್‌ಮೆಂಟ್ ಆಗಲಿ, ಮೂತಿ ಎದ್ದಿದ್ದಕ್ಕೆ ಎದುರಿನವರ ಕಣ್ಣು ಕುಕ್ಕುವ ಹೆಡ್‌ಲೈಟ್ ತಗ್ಗಲಿ. ನೂರು ಕಿಲೋಮೀಟರ್ ಒಳಗೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ.

13. ಸ್ಟೆಪ್ನಿ, ಜ್ಯಾಕ್, ಕಾಗದ ಪತ್ರ ಮರೆಯಬೇಡಿ

ನಾಲ್ಕಲ್ಲ, ಐದು ಟೈರಿನ ಲೆಕ್ಕ ಹಾಕಿ. ಬೇರೆ ವ್ಯಾಸದ ಸ್ಟೆಪ್ನಿ ಹಾಕಿಕೊಂಡು ಫೋರ್ ವೀಲ್ ಡ್ರೈವ್ ಹಾಕಿದರೆ ಗೇರುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ದೊಡ್ಡ ಸ್ಟೆಪ್ನಿಯ ಭಾರವನ್ನು ಹಿಂಬಾಗಿಲಿನ ಕೀಲು ತಾಳೀತೇ ನೋಡಿ. ಎತ್ತರಿಸಿದ ಗಾಡಿಗೆ ಕಂಪನಿಯ ಜ್ಯಾಕ್ ಎಟಕುತ್ತದೆಯೇ ಎಂದು ಮನೆಯಂಗಳದಲ್ಲೇ ಪರೀಕ್ಷಿಸಿ.

ಕಾನೂನಿನ ಮಾತು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ ₹5,000 ದಂಡ, ಅಥವಾ ಎರಡೂ ಆಗಬಹುದು. ಆದ್ದರಿಂದ ನಿಮ್ಮ ಮಾದರಿಗೆ ಕಂಪನಿಯೇ ಒಪ್ಪಿದ ಇನ್ನೊಂದು ಟೈರ್ ಅಳತೆ ಇದ್ದರೆ ಮೊದಲು ಅದನ್ನೇ ನೋಡಿ. ಅದರಾಚೆಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಕಂಪನಿಗೆ ಬರೆದು ತಿಳಿಸಿ, ವಾರಂಟಿಯ ಷರತ್ತು ಓದಿ.

14. ಗಾಳಿ ಇಳಿಸಿ ನೋಡಿ, ಆಮೇಲೆ ದುಡ್ಡು ಬಿಚ್ಚಿ

ಎಲ್ಲಕ್ಕಿಂತ ಅಗ್ಗದ ಮಾರ್ಪಾಡು ಇದು. ಈಗಿರುವ ಟೈರಿನ ಗಾಳಿಯನ್ನು ಕೆಸರಿನಲ್ಲಿ 20-22 ಪಿಎಸ್‌ಐಗೆ, ಸಡಿಲ ಮರಳಿನಲ್ಲಿ 16-18ಕ್ಕೆ ಇಳಿಸಿದರೆ ಟೈರು ನೆಲಕ್ಕೆ ಉದ್ದವಾಗಿ ಅಂಟಿಕೊಂಡು ಹಿಡಿತ ಬೆಳೆಯುತ್ತದೆ. ಗಾಳಿ ಇಳಿಸಿದಾಗ ನಿಧಾನವಾಗಿ ಓಡಿಸಿ, ಸ್ಟೀರಿಂಗ್ ಗಕ್ಕನೆ ತಿರುಗಿಸಬೇಡಿ, ಇಲ್ಲವಾದರೆ ಟೈರು ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಿಸಿ. ಒಂದು ಪ್ರೆಷರ್ ಗೇಜು, ಒಂದು 12 ವೋಲ್ಟ್ ಕಂಪ್ರೆಸರ್ ಇದ್ದರೆ ಸಾಕು. ಇಷ್ಟು ಮಾಡಿ ಒಂದು ಮಳೆಗಾಲ ಓಡಿಸಿ. ಗಾಡಿ ಎಲ್ಲಿ ಸಿಕ್ಕಿಕೊಂಡಿತು, ಯಾವ ಭಾಗ ನೆಲಕ್ಕೆ ತಗಲಿತು ಎಂದು ಪ್ರತಿ ಸಲವೂ ಬರೆದಿಡಿ.

ಆ ಬರಹವೇ ನಿಮ್ಮ ಖರೀದಿ ಪಟ್ಟಿ. ಚಕ್ರ ಜಾರಿದ್ದೇ ಹೆಚ್ಚಾದರೆ ಟೈರ್ ಬದಲಿಸಿ. ಆಕ್ಸಲ್ ತಗಲಿದ್ದು ಹೆಚ್ಚಾದರೆ ವ್ಯಾಸ ಹೆಚ್ಚಿಸಿ. ಮೂತಿ, ಹೊಟ್ಟೆ ಉಜ್ಜಿದ್ದೇ ಹೆಚ್ಚಾದರೆ ಲಿಫ್ಟ್ ಹಾಕಿಸಿ. ಹೈಲಕ್ಸ್, ವಿ-ಕ್ರಾಸ್‌ನಂತೆ ಮೂರು ಮೀಟರಿಗೂ ಉದ್ದದ ವೀಲ್‌ಬೇಸ್ ಇರುವ ಗಾಡಿಯ ಹೊಟ್ಟೆಯನ್ನು ಎತ್ತರವೊಂದೇ ಕಾಯಲಾರದು, ಬದಿಗೆ ಗಟ್ಟಿ ಸ್ಲೈಡರ್, ಅಡಿಗೆ ಸ್ಕಿಡ್ ಪ್ಲೇಟ್ ಕೂಡ ಬೇಕು. ಎಷ್ಟೇ ಸಜ್ಜಾದರೂ ಕಾಯ್ದಿಟ್ಟ ಅರಣ್ಯ, ಶೋಲಾ ಹುಲ್ಲುಗಾವಲು, ಹರಿಯುವ ತೊರೆಯ ಪಾತ್ರ ನಮ್ಮ ಆಟದ ಬಯಲುಗಳಲ್ಲ. ತೋಟದವರ ಒಪ್ಪಿಗೆಯಿರುವ ದಾರಿ, ಕ್ಲಬ್ಬುಗಳು ಅನುಮತಿ ಪಡೆದು ಗುರುತಿಸಿದ ಟ್ರ್ಯಾಕ್ ಸಾಕಷ್ಟಿವೆ. ಹೋದ ಗಾಡಿ ತನ್ನ ಚಕ್ರದ ಮೇಲೆಯೇ, ಹೋದವರೆಲ್ಲರನ್ನೂ ಕೂರಿಸಿಕೊಂಡು ಮನೆಗೆ ಬರಬೇಕು. ಟೈರಿಗೂ ಕಿಟ್ಟಿಗೂ ಸುರಿಯುವ ಒಂದೊಂದು ರೂಪಾಯಿಯನ್ನೂ ಈ ಒಂದು ಅಳತೆಯಿಂದಲೇ ತೂಗಿ.